ನಿಂಬೆಹಣ್ಣಿಗೆ ಹೆದರುವ ವಿಜ್ಞಾನಿ

ಪ್ರೀತಿಯ ತಮ್ಮನಿಗೆ,

ನಿನ್ನ ಕಥೆ ಓದಿದೆ. ನೌಕೆಯ ಎಂಜಿನ್ ಬಗ್ಗೆ ಪುಟಗಟ್ಟಲೆ ಬರೆದಿದ್ದೀಯ, ಅಚ್ಚುಕಟ್ಟಾಗಿದೆ. ಆದರೆ ಅದನ್ನು ಕಟ್ಟಿದ ವಿಜ್ಞಾನಿಗೆ ಏನು ಇಷ್ಟ, ಏನು ತಿಂದರೆ ಮೈಗೆ ಆಗಿಬರುವುದಿಲ್ಲ, ಒಂದೂ ತಿಳಿಯಲಿಲ್ಲ. ಕೊನೆಯಲ್ಲಿ ಅವನು ಸತ್ತಾಗ ನನಗೆ ಏನೂ ಅನಿಸಲಿಲ್ಲ.

‘ಸ್ಟಾರ್‌ಗೇಟ್’ ಎಂಬ ವೈಜ್ಞಾನಿಕ ಟಿವಿ ಸರಣಿಯ ವಿಜ್ಞಾನಿ ರಾಡ್ನಿ ಮೆಕೇಯನ್ನು ಒಮ್ಮೆ ಗಮನಿಸಿ ನೋಡು. ಡೇವಿಡ್ ಹ್ಯೂಲೆಟ್ ಮಾಡಿದ ಪಾತ್ರ. ಮಹಾ ಬುದ್ಧಿವಂತ, ಜಂಬ ಅದಕ್ಕಿಂತ ಜಾಸ್ತಿ. ಇವನಿಗೆ ನಿಂಬೆ, ಕಿತ್ತಳೆ ಜಾತಿಯ ಹಣ್ಣೆಂದರೆ ಅಲರ್ಜಿ. ಮೊದಲ ಸರಣಿ ‘ಎಸ್‌ಜಿ-1’ರ ಐದನೇ ಸೀಸನ್‌ನಲ್ಲಿ ಮೊದಲ ಸಲ ಬಂದಾಗ ಅಲ್ಲಿನ ವಿಜ್ಞಾನಿ ಸಮಂತಾ ಕಾರ್ಟರ್ ಜೊತೆ ಜಗಳ ಕಾಯುತ್ತಾನೆ. ಅವಳು ರೇಗಿ, ಹೋಗಿ ನಿಂಬೆಹಣ್ಣು ಚೀಪು ಅನ್ನುತ್ತಾಳೆ. ಬೇರೆಯವರಿಗೆ ಅದು ಬರೀ ಬೈಗುಳ. ಇವನಿಗೆ ಜೀವಕ್ಕೇ ಕುತ್ತು.

2004ರಲ್ಲಿ ಅದರ ಕವಲು ಸರಣಿ ‘ಸ್ಟಾರ್‌ಗೇಟ್ ಅಟ್ಲಾಂಟಿಸ್’ ಶುರುವಾಗಿ ಅವನು ಪೆಗಾಸಸ್ ಗೆಲಾಕ್ಸಿಗೆ ಹೋದ. ಅಲ್ಲಿ ಎದೆಗೆ ಅಂಗೈ ಒತ್ತಿ ಆಯಸ್ಸು ಹೀರುವ, ರೇತ್ ಎಂಬ ಅನ್ಯಲೋಕದ ಜೀವಿಗಳಿದ್ದಾರೆ. ಅಂಥ ಕಡೆಗೂ ನಿಂಬೆಹಣ್ಣಿನ ಭಯ ಅವನ ಜೊತೆಗೇ ಹೋಯಿತು. 2006ರಲ್ಲಿ, ‘ಎಸ್‌ಜಿ-1’ರ ಹತ್ತನೇ ಸೀಸನ್‌ನ ‘ದಿ ಪೆಗಾಸಸ್ ಪ್ರಾಜೆಕ್ಟ್’ ಕಂತಿನಲ್ಲಿ ಮೆಕೇಯ ಬಾಯಿ ಮುಚ್ಚಿಸಲು ಕರ್ನಲ್ ಮಿಚೆಲ್ ಒಂದು ನಿಂಬೆಹಣ್ಣು ತೆಗೆದು ತೋರಿಸುತ್ತಾನೆ. ಗುಟ್ಟು ಹೇಳಿಕೊಟ್ಟವನು ಮೆಕೇಯ ಗೆಳೆಯ ಶೆಪರ್ಡ್. ಆ ಇಬ್ಬರೂ ಎಷ್ಟು ಹತ್ತಿರದವರು ಅಂತ ಹೇಳಲು ಇನ್ನೊಂದು ಸಾಲು ಬೇಕಾಗಲೇ ಇಲ್ಲ ಅಲ್ವಾ? ಐದು ಸೀಸನ್ ಹಿಂದೆ ಕಾರ್ಟರ್ ಬಾಯಲ್ಲಿ ಬಂದ ಹಣ್ಣು ಇಲ್ಲಿ ಇನ್ನೊಬ್ಬನ ಕೈಗೆ ಬಂದಿದೆ. ನನಗೆ ಆ ದೃಶ್ಯ ತುಂಬಾ ಇಷ್ಟ.

ನಿನ್ನ ನೌಕೆಯವರು ವರ್ಷಗಟ್ಟಲೆ ಪ್ರಯಾಣ ಮಾಡುತ್ತಾರೆ, ಆದರೆ ಏನು ತಿನ್ನುತ್ತಾರೆ ಅಂತ ನೀನು ಬರೆದೇ ಇಲ್ಲ. ವಿಟಮಿನ್ ಸಿ ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಒಸಡಿನಲ್ಲಿ ರಕ್ತ ಬರುತ್ತದೆ, ಹಳೇ ಗಾಯ ಬಾಯಿ ಬಿಡುತ್ತದೆ. 1747ರಲ್ಲಿ ‘ಸಾಲಿಸ್‌ಬರಿ’ ಹಡಗಿನ ವೈದ್ಯ ಜೇಮ್ಸ್ ಲಿಂಡ್, ಇದೇ ಕಾಯಿಲೆ, ಅಂದರೆ ಸ್ಕರ್ವಿ ಹಿಡಿದ 12 ನಾವಿಕರನ್ನು ಜೋಡಿಜೋಡಿಯಾಗಿ ಮಾಡಿ ಬೇರೆ ಬೇರೆ ಮದ್ದು ಕೊಟ್ಟ. ಒಂದು ಜೋಡಿಗೆ ಮಾತ್ರ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಆರು ದಿನಕ್ಕೆ ಹಣ್ಣು ಖಾಲಿ. ಅಷ್ಟರಲ್ಲೇ ಅವರು ಚೇತರಿಸಿಕೊಂಡಿದ್ದರು, ಒಬ್ಬ ಕೆಲಸಕ್ಕೂ ಎದ್ದಿದ್ದ. ಎಲ್ಲರ ಪ್ರಾಣ ಉಳಿಸುವ ಹಣ್ಣೇ ಒಬ್ಬನಿಗೆ ವಿಷವಾದರೆ, ಅವನ ಪಾಲನ್ನು ಯಾರು ತಿನ್ನುತ್ತಾರೆ? ಅವನಿಗೆ ಬೇರೆ ಏನು ಕೊಡುತ್ತಾರೆ? ಕಥೆ ಅಲ್ಲಿದೆ.

ಹಾಗಂತ ಸುಮ್ನೆ ಒಂದು ಅಲರ್ಜಿ ಅಂಟಿಸಬೇಡ. ನಿನ್ನ ವಿಜ್ಞಾನಿ ಊಟಕ್ಕೆ ಕೂತ ಒಂದು ದೃಶ್ಯ ಬರೆ. ತಟ್ಟೆಯಲ್ಲಿ ಏನನ್ನು ಪಕ್ಕಕ್ಕೆ ಸರಿಸುತ್ತಾನೆ, ಅದನ್ನು ಯಾರು ನೋಡುತ್ತಾರೆ, ಅಷ್ಟು ಸಾಕು. ಕಾರಣ ವಿವರಿಸಬೇಡ. ಎಂಜಿನ್ ಭಾಗವನ್ನು ಅರ್ಧಕ್ಕೆ ಇಳಿಸಿ, ಮುಂದಿನ ತಿಂಗಳೊಳಗೆ ಮತ್ತೆ ಕಳಿಸು.

ನಿನ್ನ ಅಣ್ಣ