ಹುಲ್ಲುಹಾಸಿನ ಬೀಜಕ್ಕೆ ಹಸ್ತ ಮಳೆಯೇ ಹದ

ಮಾನ್ಯರೇ,

ಬೆಂಗಳೂರಿನ ಎಷ್ಟೋ ಪಾರ್ಕು, ಅಪಾರ್ಟ್‌ಮೆಂಟ್‌ಗಳಲ್ಲಿ ಹೊಸ ಹುಲ್ಲುಹಾಸಿನ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲಿ ಶುರುವಾಗುತ್ತದೆ. ಬೀಜ ಬಿತ್ತಿದ ನೆಲಕ್ಕೆ ಮೊದಲ ಎರಡು ವಾರ ದಿನಕ್ಕೆ ಮೂರು ಸಲ ನೀರು ಬೇಕು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಿಟ್ಟರೆ 5,000 ರೂಪಾಯಿ ದಂಡ ಎಂದಿದ್ದು ಯಾರಿಗೂ ಮರೆತಿರಲಾರದು. ಸೆಪ್ಟೆಂಬರ್ ಕೊನೆಗೆ ಹಿಡಿಯುವ ಹಸ್ತ ಮಳೆಯಿಂದ ಅಕ್ಟೋಬರ್ ಮುಗಿಯುವವರೆಗೆ ಬಿತ್ತಿದರೆ ಈ ನೀರಿನ ಬಹುಪಾಲನ್ನು ಆಕಾಶವೇ ಹಾಕುತ್ತದೆ.

ಆದರೆ ಬೀಜ ಯಾವುದು ಎಂಬುದನ್ನು ನೋಡಿ ಕೊಳ್ಳಬೇಕು. ಆನ್‌ಲೈನ್‌ನಲ್ಲಿ ಬರುವ ಚೆಂದದ ಪ್ಯಾಕೆಟ್‌ಗಳಲ್ಲಿ ಹಲವು ರೈ ಗ್ರಾಸ್, ಫೆಸ್ಕ್ಯೂ ಮಿಶ್ರಣ. ಅವು ಚಳಿ ದೇಶದ ಹುಲ್ಲುಗಳು, ತಂಪು ಹಿಡಿಸುವುದರಿಂದಲೇ ಅಲ್ಲಿ ಶರತ್ಕಾಲದಲ್ಲಿ ಬಿತ್ತುತ್ತಾರೆ. ಇಲ್ಲೂ ಬೇಗನೆ ಮೊಳೆತು ಖುಷಿ ಕೊಡುತ್ತವೆ, ಏಪ್ರಿಲ್ ಬಿಸಿಲಿಗೆ ತೇಪೆ ತೇಪೆಯಾಗಿ ಒಣಗುತ್ತವೆ. ನಮ್ಮೂರಿಗೆ ಬೇಕಾದದ್ದು ಗಣಪತಿಗೆ ಏರಿಸುವ ಅದೇ ಗರಿಕೆ, ಅಂಗಡಿ ಭಾಷೆಯಲ್ಲಿ ಬರ್ಮುಡಾ. ಇದರ ಲೆಕ್ಕ ತಿರುಗುಮುರುಗು. ಮಣ್ಣಿನ ಬಿಸಿ 20 ಡಿಗ್ರಿಗಿಂತ ಇಳಿದರೆ ಮೊಳಕೆ ನಿಧಾನ, ಹಾಗಾಗಿ ಡಿಸೆಂಬರ್ ಚಳಿಗೆ ಮುಂಚೆ ಬೇರು ಬಿಟ್ಟು ಹರಡಿರಬೇಕು. ನವೆಂಬರ್ ನಡುವಿನ ನಂತರ ಬಿತ್ತುವ ಬದಲು ಬೀಜವನ್ನು ತಂಪಾದ ಒಣ ಜಾಗದಲ್ಲಿ ಇಟ್ಟುಕೊಂಡರೆ ವಾಸಿ. ಹೊಂಗೆ ಮರದ ಕೆಳಗೆ ಗರಿಕೆ ಏಳುವುದಿಲ್ಲ; ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು.

ಹುಲ್ಲುಹಾಸು ಕೆಡುವುದು ಬಹುಮಟ್ಟಿಗೆ ಬಿತ್ತುವ ಮೊದಲೇ. ಹೊಸ ಕಟ್ಟಡದ ಸುತ್ತ ಅರ್ಧ ಅಡಿ ಅಗೆದರೆ ಸಿಮೆಂಟ್ ಗಟ್ಟಿ, ಜಲ್ಲಿ, ಟೈಲ್ಸ್ ಚೂರು. ಅಷ್ಟನ್ನೂ ಆರಿಸಿ ತೆಗೆಯದೆ ಮೇಲೆ ಕೆಂಪು ಮಣ್ಣು ಹರಡಿ ಮುಚ್ಚಿಬಿಡುವುದೇ ರೂಢಿ. ಜೇಕು ಎಂಬ ಹಟಮಾರಿ ಕಳೆಯ ಗಡ್ಡೆ ಬಂದು ಸೇರುವುದು ಈ ಹೊರಗಿನ ಮಣ್ಣಿನಲ್ಲೇ, ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರದಲ್ಲಿ ಕಳೆ ಬೀಜ. ನೆಲ ಹದ ಮಾಡಿ, ನೀರು ಹಾಯಿಸಿ, ಎರಡು ವಾರ ಸುಮ್ಮನೆ ಬಿಡಿ. ಎದ್ದ ಕಳೆಯನ್ನು ಮೇಲ್ಪದರದಲ್ಲೇ ಕೆರೆದು ತೆಗೆಯಿರಿ, ಜೇಕನ್ನು ಮಾತ್ರ ಗಡ್ಡೆ ಸಮೇತ ಅಗೆಯಿರಿ. ಈ ಎರಡು ವಾರ ಕಾಯಲು ಗುತ್ತಿಗೆದಾರರಿಗೆ ಪುರುಸೊತ್ತಿಲ್ಲ, ಆಮೇಲೆ ವರ್ಷವಿಡೀ ಕಳೆ ಕೀಳುವ ಕೂಲಿ ಕೊಡುವವರು ನಾವು.

ಸಾವಿರ ಚದರಡಿಗೆ ಸಿಪ್ಪೆ ತೆಗೆದ ಬೀಜ ಮುಕ್ಕಾಲರಿಂದ ಒಂದು ಕೆ.ಜಿ., ಬುಡಕ್ಕೆ ಡಿಎಪಿ ಗೊಬ್ಬರ ಒಂದು ಕೆ.ಜಿ. ಸಾಕು. ಗರಿಕೆ ಬೀಜ ರಾಗಿಗಿಂತ ಎಷ್ಟೋ ಸಣ್ಣದು, ಬರಿಗೈಯಲ್ಲಿ ಎರಚಿದರೆ ಒಂದೇ ಕಡೆ ಬೀಳುತ್ತದೆ. ನಾಲ್ಕೈದು ಪಟ್ಟು ಒಣ ಮರಳು ಬೆರೆಸಿ, ಅರ್ಧವನ್ನು ಉದ್ದಕ್ಕೆ, ಉಳಿದರ್ಧವನ್ನು ಅಡ್ಡಕ್ಕೆ ಎರಚಬೇಕು. ಕುಂಟೆಯನ್ನು ಹಲ್ಲು ಮೇಲಾಗಿಸಿ, ಬೆನ್ನಿನಿಂದ ಹಗುರವಾಗಿ ಎಳೆದು, ರೋಲರ್ ಉರುಳಿಸಿದರೆ ಆಯಿತು. ಅರ್ಧ ಸೆಂಟಿಮೀಟರ್‌ಗಿಂತ ಆಳಕ್ಕೆ ಹೋದ ಬೀಜ ಮೇಲೆ ಬರುವುದು ಕಷ್ಟ.

ಇಲ್ಲಿಂದ ಮುಂದೆ, ಹಸ್ತದ ಬೆನ್ನಿಗೇ ಬರುವ ಚಿತ್ತೆ ಮಳೆಯ ಭಯ. ಒಂದು ಜೋರು ಮಳೆ ಸಾಕು, ಬೀಜವೆಲ್ಲ ಇಳಿಜಾರಿನ ಬುಡದಲ್ಲಿ ಗುಡ್ಡೆಯಾಗುತ್ತದೆ. ಕೆಂಪು ಮಣ್ಣು ಒಣಗಿ ಹೆಪ್ಪುಗಟ್ಟಿ ಮೊಳಕೆಯನ್ನು ಒಳಗೇ ತಡೆಯುತ್ತದೆ. ತೆಳುವಾಗಿ ಭತ್ತದ ಹುಲ್ಲು ಹರಡಿ ಅಥವಾ ಹಸಿರು ಶೇಡ್‌ನೆಟ್ ಬಿಗಿಯಾಗಿ ಹೊದಿಸಿ. ಎಂಟು ಹತ್ತು ದಿನಕ್ಕೆ ಮೊಳಕೆ ಕಾಣುತ್ತಲೇ, ಸಂಜೆ ಹೊತ್ತು, ನೆಟ್ ತೆಗೆಯಬೇಕು. ತಡಮಾಡಿದರೆ ಎಳೆ ಗರಿ ನೆಟ್ಟಿನ ಕಣ್ಣಲ್ಲಿ ಸಿಕ್ಕಿ ಬೇರು ಸಮೇತ ಕಿತ್ತು ಬರುತ್ತದೆ. ಮಳೆ ಬಿಡುವು ಕೊಟ್ಟ ದಿನ ರೋಸ್ ಕ್ಯಾನಿನಿಂದ (ಜರಡಿ ಮೂತಿಯ ನೀರಿನ ಕ್ಯಾನ್) ಚಿಮುಕಿಸಿದರೆ ಸಾಕು. ಪೈಪ್ ಹಿಡಿದು ಕೆಸರು ಮಾಡಿದರೆ ಸಸಿ ಬುಡ ಕೊಳೆತು ಮಲಗುತ್ತದೆ. ಸಾಲುಗಟ್ಟಿ ಬೀಜ ಹೊರುವ ಇರುವೆಗಳ ಮೇಲೂ ಒಂದು ಕಣ್ಣಿರಲಿ.

ಎರಡೂವರೆ ಇಂಚು ಬೆಳೆದಾಗ ಮೊದಲ ಕತ್ತರಿ, ಅದೂ ಮೂರನೇ ಒಂದು ಭಾಗ ಮಾತ್ರ, ನೆಲ ಒಣಗಿದ್ದಾಗ, ಅಲಗು ಹರಿತವಿದ್ದಾಗ. ಮೊಂಡು ಯಂತ್ರ ಎಳೆ ಸಸಿಯನ್ನು ಕೊಯ್ಯುವುದಿಲ್ಲ, ಕೀಳುತ್ತದೆ. ಒಂದು ತಿಂಗಳಾದ ಮೇಲೆ ಸಾವಿರ ಚದರಡಿಗೆ ಅರ್ಧ ಕೆ.ಜಿ. ಯೂರಿಯಾ ಎರಚಿ ತಕ್ಷಣ ನೀರು ಕೊಡಿ.

ಪಾಲಿಕೆಗಳ ಪಾರ್ಕು ಟೆಂಡರುಗಳಲ್ಲಿ ಬಿತ್ತನೆಯ ತಿಂಗಳನ್ನೂ ಬೀಜದ ಜಾತಿಯನ್ನೂ ನಮೂದಿಸಲಿ. ಕಾರ್ಯಾದೇಶ ಆಗಸ್ಟ್ ಒಳಗೆ ಕೈಸೇರಿದರೆ ನೆಲ ಹದ ಮಾಡಲು, ಕಳೆ ತೆಗೆಯಲು ಸಮಯ ಸಿಗುತ್ತದೆ.

– ಹವ್ಯಾಸಿ ತೋಟಗಾರರು, ಜಯನಗರ, ಬೆಂಗಳೂರು