ರಾತ್ರಿಯೆಲ್ಲ ಗುಂಡಿಯ ಪಕ್ಕ ಇದ್ದವರಿಗೆ

ನಿನ್ನೆ ಎರಡನೇ ಸಲದ ಲ್ಯಾಬ್ ರಿಪೋರ್ಟ್ ಬಂತು. ಮೇಲಿನ ಬೀದಿ, ಕೆಳಗಿನ ಬೀದಿ, ಎರಡರ ನೀರಿನ ಸ್ಯಾಂಪಲ್ಲೂ ಪಾಸ್. 100 ಮಿಲಿಲೀಟರ್ ನೀರಿನಲ್ಲಿ ಇ-ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇಲ್ಲ. ಓದಿ ಮುಗಿಸಿ ಕಚೇರಿಯ ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟೆ.

ನಲ್ಲಿ ನೀರಿಗೆ ಕೊಳಚೆ ಸೇರಿ ಏನೇನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ. ಆ ಮೂರು ವಾರದ ಕಥೆ ಮತ್ತೆ ಬೇಡ. ಗುಂಡಿ ಅಗೆದ ಹುಡುಗರು, ಟ್ಯಾಂಕರ್ ಡ್ರೈವರ್‌ಗಳು, ಭಾನುವಾರವೂ ಲ್ಯಾಬ್‌ಗೆ ಬಂದ ಹುಡುಗಿ, ನೀರು ಕುದಿಸಿ ಕುಡಿಯಿರಿ ಅಂತ ಮನೆ ಮನೆ ಸುತ್ತಿದ ಆಶಾ ಅಕ್ಕಂದಿರು, ನನ್ನ ಮಗಳನ್ನು ನೋಡಿಕೊಂಡ ಅತ್ತೆ, ನಿಮಗೆಲ್ಲ ಕೈ ಮುಗಿದು ಥ್ಯಾಂಕ್ಸ್ ಹೇಳುತ್ತೇನೆ.

ಬೀದಿಗಳಿಗೆ ನೀರು ಬಿಡುವ ನಮ್ಮ ವಾಲ್ವ್‌ಮನ್ ಅಣ್ಣನ ಬಗ್ಗೆ ಮಾತ್ರ ಒಂದು ಸಾಲಿನಲ್ಲಿ ಮುಗಿಸಲು ನನ್ನಿಂದ ಆಗಲ್ಲ. ಹೆಸರು ಹಾಕಬೇಡಿ ಮೇಡಂ ಅಂದಿದ್ದಾರೆ. ಹಾಕಲ್ಲ.

ಮೊದಲ ವಾರದಲ್ಲೇ ಅವರು ನನಗೆ ಹೇಳಿದ್ದರು. "ಆ ಮೂಲೆ ಚೇಂಬರ್ ಹತ್ರ ನಂಗೆ ಅನುಮಾನ ಐತೆ ಮೇಡಂ." ನಾನು ನಕ್ಷೆ ನೋಡಿದೆ. ಅಲ್ಲಿ ಪೈಪೇ ಇರಲಿಲ್ಲ. ಇಲ್ಲ ಅಣ್ಣ, ಅಲ್ಲೇನೂ ಇಲ್ಲ ಅಂದೆ. ನನ್ನ ನಕ್ಷೆಯಲ್ಲಿ ದೊಡ್ಡ ಲೈನ್‌ಗಳು ಮಾತ್ರ ಇದ್ದವು. ಯಾವ ಕಾಲದಲ್ಲೋ ಮನೆಗಳಿಗೆ ಎಳೆದ ಸಣ್ಣ ಕನೆಕ್ಷನ್‌ಗಳು ಇದ್ದದ್ದು ಅವರ ನೆನಪಿನಲ್ಲಿ. ಅವತ್ತೇ ಅವರ ಮಾತು ಕೇಳಿದ್ದರೆ ಎರಡು ವಾರ ಉಳಿಯುತ್ತಿತ್ತು. ಆ ಎರಡು ವಾರದಲ್ಲೇ ಅಲ್ವಾ ಮಕ್ಕಳು ಆಸ್ಪತ್ರೆ ಸೇರಿದ್ದು.

ಅಷ್ಟರಲ್ಲಿ ಎರಡು ಬೀದಿಗೂ ಜಗಳ ಹತ್ತಿಕೊಂಡಿತ್ತು. ಮೇಲಿನವರು ಲೈನ್‌ಗೇ ಮೋಟರ್ ಹಾಕಿ ಎಳೀತಾರೆ, ಅದಕ್ಕೇ ನಮಗೆ ಕೊಳಚೆ ಬರೋದು ಅಂತ ಕೆಳಗಿನವರು. ಪ್ರೆಷರ್ ಇದ್ದಿದ್ರೆ ನಾವ್ಯಾಕೆ ಮೋಟರ್ ಹಾಕ್ತಿದ್ವಿ ಅಂತ ಮೇಲಿನವರು. ಇಬ್ಬರ ಮಾತೂ ನಿಜವೇ. ದಿನ ಬಿಟ್ಟು ದಿನ ನೀರು ಹರಿಯುವ ಲೈನ್ ಅದು. ನೀರು ನಿಂತ ಮೇಲೆ ಪೈಪಿನೊಳಗೆ ಒತ್ತಡ ಇರಲ್ಲ. ಎಲ್ಲಾದರೂ ತೂತಿದ್ದರೆ ಹೊರಗಿನ ಕೊಳಕು ಒಳಗೆ ಬರುತ್ತದೆ. ಮೋಟರ್ ಎಳೆದರೆ ಇನ್ನೂ ಜಾಸ್ತಿ.

ಆ ಗುರುವಾರ ಸಂಜೆ ಒಬ್ಬ ತಾಯಿ ಬಾಟಲಿ ತಂದು ನನ್ನ ಕೈಗೆ ಕೊಟ್ಟರು. "ಇದನ್ನ ನಿಮ್ ಮಗೂಗೆ ಕುಡಿಸ್ತೀರಾ?" ನನ್ನ ಮಗಳಿಗೂ ಆರು ವರ್ಷ. ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಜೀಪಿನ ಹಿಂದೆ ಹೋಗಿ ಅತ್ತೆ.

ಅಣ್ಣ ಬಂದರು. ಸಮಾಧಾನದ ಮಾತೇನೂ ಆಡಲಿಲ್ಲ. ಟೀ ಕೊಟ್ಟರು. "ಈ ಬೀದೀಲೇ ನಮ್ಮಕ್ಕನ ಮನೆ ಮೇಡಂ. ನಂಗೂ ಬೈದವ್ರೆ. ಇವತ್ತು ರಾತ್ರಿ ನೀರು ಬಿಟ್ಟು ಒಂದೊಂದೇ ಮನೆ ನೋಡ್ಬಿಡೋಣ."

ಹನ್ನೊಂದು ಗಂಟೆಗೆ ಶುರು ಮಾಡಿದೆವು. ಅವರು ಕಬ್ಬಿಣದ ಸರಳನ್ನು ಪೈಪಿನ ಮೇಲಿಟ್ಟು, ಇನ್ನೊಂದು ತುದಿಗೆ ಕಿವಿ ಕೊಟ್ಟು ಸೋರುವ ಸದ್ದು ಕೇಳುತ್ತಿದ್ದರು. ನಾನು ಪ್ರತಿ ಮನೆಯ ನಲ್ಲಿ ನೀರಿಗೆ ಕ್ಲೋರಿನ್ ಟೆಸ್ಟ್‌ನ ಹನಿ ಹಾಕುತ್ತಿದ್ದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದ್ದರೆ ನೀರು ಹಳದಿ ಆಗುತ್ತದೆ. ಮೂಲೆ ಮನೆಯವರೆಗೆ ಹಳದಿ ಬಂತು. ಅದರ ಮುಂದಿನ ಮನೆಯಲ್ಲಿ ಬಣ್ಣವೇ ಇಲ್ಲ, ಅಂದರೆ ಕೊಳಚೆ ಸೇರಿ ಕ್ಲೋರಿನ್ ಮುಗಿದಿತ್ತು. ಮೂರು ಗಂಟೆ ಆಗಿತ್ತು. ಮಳೆ ಬೇರೆ. ಹುಡುಗರನ್ನು ಮನೆಗೆ ಕಳಿಸಿದ್ದೆವು. ಅಣ್ಣ ತಾವೇ ಹಾರೆ ಹಿಡಿದರು. ಬೆಳಗಾಗುವ ಹೊತ್ತಿಗೆ ಸಿಕ್ಕಿತು. ತುಕ್ಕು ಹಿಡಿದ ಕಬ್ಬಿಣದ ಜಿಐ ಪೈಪು, ಒಳಚರಂಡಿಯ (ಯುಜಿಡಿ) ಚೇಂಬರ್ ಒಳಗಿಂದಲೇ ಹಾದುಹೋಗಿತ್ತು. ಅವರು ಅನುಮಾನಪಟ್ಟ ಅದೇ ಚೇಂಬರ್.

ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ ಬೆಂಗಳೂರಿಗೆ ತಂದ ಕಾವೇರಿ ನೀರು. ಮನೆ ಬಾಗಿಲ ಹತ್ತಿರದ ನಾಲ್ಕು ಅಡಿಯಲ್ಲಿ ಕೆಟ್ಟಿತ್ತು. ಅದನ್ನು ನೋಡುತ್ತಾ ನಾನು ಅಣ್ಣನಿಗೆ ತಪ್ಪಾಯ್ತು ಅಂದೆ. "ಬಿಡಿ ಮೇಡಂ, ಮೊದಲು ವಾಲ್ವ್ ಮುಚ್ಚೋಣ" ಅಂದರು.

ಆಮೇಲಿನ ಸಭೆಯಲ್ಲಿ ರಾಜಿ ಆಗಿದ್ದೂ ಅವರಿಂದಲೇ. ಮೇಲಿನ ಬೀದಿಗೆ ಮೊದಲು ಒಂದು ಗಂಟೆ ನೀರು, ಅಷ್ಟೊತ್ತು ಕೆಳಗಿನ ವಾಲ್ವ್ ಅರ್ಧ ಮುಚ್ಚೋದು, ಮೋಟರ್ ಎಲ್ಲ ಲೈನಿಂದ ತೆಗೆಯೋದು. ಇದನ್ನೇ ನಾನು ಹೇಳಿದಾಗ ಕೂಗಾಡಿದವರು ಅಣ್ಣ ಹೇಳಿದಾಗ ಕೇಳಿದರು. ಎರಡೂ ಬೀದಿಯ ಹಿರಿಯರೇ, ಮೋಟರ್ ತೆಗೆದ ಮನೆಯವರೇ, ನಿಮಗೂ ಥ್ಯಾಂಕ್ಸ್. ಬಾಟಲಿ ಕೊಟ್ಟ ಅಮ್ಮ, ನಿಮ್ಮ ಮಗ ಸ್ಕೂಲಿಗೆ ಹೋಗುತ್ತಿದ್ದಾನೆ ಅಂತ ಗೊತ್ತಾಯಿತು. ಆ ಬಾಟಲಿ ನನ್ನ ಮೇಜಿನ ಮೇಲೇ ಇದೆ.

ಅಣ್ಣ, ಪಕ್ಕದ ಬೀದಿಯ ಕನೆಕ್ಷನ್‌ಗಳನ್ನು ನಕ್ಷೆಯಲ್ಲಿ ಗುರುತು ಹಾಕುವುದು ಇನ್ನೂ ಬಾಕಿ. ನಾಳೆ ಐದೂವರೆಗೆ ನೀರು ಬಿಡುವಾಗ ನಾನೂ ಬರುತ್ತೇನೆ. ನೀವು ತೋರಿಸಿ, ನಾನು ಬರೆದುಕೊಳ್ಳುತ್ತೇನೆ.