ಕಾವೇರಿ ಬಂತು, ಈಗ ಧನ್ಯವಾದ ಹೇಳುವ ಸರದಿ

ನಮ್ಮ ಅಪಾರ್ಟ್‌ಮೆಂಟಿನ ಸಂಪಿಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ, ಕೊನೆಗೂ ಕಾವೇರಿ ನೀರು ಬಿದ್ದಿದೆ. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. 2024ರ ಅಕ್ಟೋಬರ್ 16ರಂದು ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯಲ್ಲಿ ಕಾವೇರಿ ಕುಡಿಯುವ ನೀರಿನ ಯೋಜನೆಯ 5ನೇ ಹಂತಕ್ಕೆ ಚಾಲನೆ ಸಿಕ್ಕಾಗಿನಿಂದ ದಾರಿ ನೋಡುತ್ತಿದ್ದೆವು. ಆ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್ ನೀರೇ ಗತಿಯಾಗಿತ್ತು. ಸಂಘದ ಕಡೆಯಿಂದ ಕೃತಜ್ಞತೆ ಹೇಳುವುದು ಬಾಕಿ ಉಳಿದಿತ್ತು.

5 ಕಿ.ಮೀ. ಒಳಗೆ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಎಂಬ ಜಿಲ್ಲಾಡಳಿತದ 2024ರ ಆದೇಶ ಹಿಡಿದು ದರ ಮಾತಾಡಿದವರಿಗೆ, ನಲ್ಲಿ ನಲ್ಲಿಗೂ ನೀರು ಉಳಿಸುವ ಏರೇಟರ್ ಕೂರಿಸಿದ ಹುಡುಗರಿಗೆ, ಪ್ರತಿ ಲೋಡಿಗೂ ನೀರಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಹಿಡಿದು ನಿಂತ ಅಮ್ಮಂದಿರಿಗೆ, ಲೆಕ್ಕ ಬರೆದ ಖಜಾಂಚಿಯವರಿಗೆ ಮನಸಾರೆ ನಮಸ್ಕಾರ.

ಇನ್ನು ನಮ್ಮ ಪ್ಲಂಬರ್ ಅಣ್ಣ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಆದರೆ ಆ ಬೇಸಿಗೆಯ ಒಂದು ರಾತ್ರಿ ಅವರು ಮಾಡಿದ ಕೆಲಸವನ್ನು ಬರೆದಿಡಲೇಬೇಕು.

ಸಂಪು, ಮೇಲಿನ ಟ್ಯಾಂಕ್ ಎರಡೂ ಬರಿದಾಗಿದ್ದವು. ನಡುರಾತ್ರಿ ಲೋಡ್ ಬಂದರೂ ಪಂಪ್ ನೀರೆತ್ತಲಿಲ್ಲ. ಮತ್ತೆ ಮತ್ತೆ ಸ್ವಿಚ್ ಹಾಕುತ್ತಿದ್ದವರನ್ನು ಅವರು ಮೊದಲು ತಡೆದರು. ನೀರಿಲ್ಲದೆ ಪಂಪ್ ತಿರುಗಿದರೆ ಸೀಲ್ ಸುಟ್ಟುಹೋಗುತ್ತದೆ. ಸಂಪಿನೊಳಗೆ ಯಾರನ್ನೂ ಇಳಿಯಗೊಡದೆ, ನೀರು ಹೀರುವ ಸಕ್ಷನ್ ಪೈಪನ್ನೇ ಮೇಲಕ್ಕೆ ಎಳೆಸಿದರು. ಅದರ ತುದಿಯಲ್ಲಿ ನೀರು ಹಿಂದಕ್ಕೆ ಜಾರದಂತೆ ತಡೆಯುವ ಫುಟ್ ವಾಲ್ವಿನ ಬಾಯಿಗೆ ಹೂಳು ಕಚ್ಚಿಕೊಂಡು ವಾಲ್ವ್ ಮುಚ್ಚುತ್ತಲೇ ಇರಲಿಲ್ಲ. ತೊಳೆದು, ತಳದಿಂದ ಒಂದಡಿ ಮೇಲೆ ನಿಲ್ಲುವ ಹಾಗೆ ಕಟ್ಟಿದರು. ಪಂಪಿಗೆ ಮೊದಲ ನೀರು ತುಂಬುವ ಪ್ರೈಮಿಂಗ್ ಬಿರಡೆ ಬಿಚ್ಚಿ, ಗುಳ್ಳೆ ನಿಲ್ಲುವ ತನಕ ಚೊಂಬಿನಲ್ಲಿ ನೀರು ಹೊಯ್ದರು. ಆಮೇಲೆ ಸ್ವಿಚ್.

ಮೇಲಿನ ಟ್ಯಾಂಕ್ ತುಂಬಿತು. ಒಂದನೇ ಮಹಡಿಯಲ್ಲಿ ನೀರು ಧೋ ಎಂದು ಬಂತು, ಮೂರನೆಯದರಲ್ಲಿ ನಲ್ಲಿ ಬರೀ ಬುಸುಗುಟ್ಟಿತು. ಕೆಳಗಿನವರು ಕದಿಯುತ್ತಿದ್ದಾರೆ ಎಂಬ ಕೂಗೆದ್ದದ್ದು ಆಗಲೇ. ವರ್ಷಗಟ್ಟಲೆ ಒಟ್ಟಿಗೆ ಯುಗಾದಿ ಮಾಡಿದವರು ಮೆಟ್ಟಿಲ ಮೇಲೆ ನಿಂತು ಒಬ್ಬರನ್ನೊಬ್ಬರು ಕಳ್ಳರೆಂದರು. ಮಕ್ಕಳು ಕೇಳಿಸಿಕೊಂಡರು. ಬರೆಯುವಾಗ ಈಗಲೂ ಹೊಟ್ಟೆ ಹಿಂಡುತ್ತದೆ.

ಅಣ್ಣ ಜಗಳಕ್ಕೆ ಬಾಯಿ ಹಾಕದೆ ಟಾರ್ಚ್ ಹಿಡಿದು ತಾರಸಿಗೆ ಹೋದರು. ಟ್ಯಾಂಕ್ ಬರಿದಾದಾಗ ಇಳಿಪೈಪಿಗೆ ಗಾಳಿ ಹೊಕ್ಕುತ್ತದೆ. ಕೆಳಮಹಡಿಯಲ್ಲಿ ನೀರಿನ ಒತ್ತಡ ಹೆಚ್ಚು, ಗಾಳಿಯನ್ನು ತಳ್ಳಿಬಿಡುತ್ತದೆ. ಮೇಲ್ಮಹಡಿಯಲ್ಲಿ ಅಷ್ಟು ಒತ್ತಡ ಇರುವುದಿಲ್ಲ, ಗಾಳಿ ಅಲ್ಲೇ ನಿಂತು ನೀರನ್ನು ತಡೆಯುತ್ತದೆ. ಆ ಗಾಳಿ ಹೋಗಲೆಂದೇ ಇರುವ ವೆಂಟ್ ಪೈಪಿನ ಬಾಯಲ್ಲಿ ಕಣಜ ಮಣ್ಣಿನ ಗೂಡು ಮೆತ್ತಿತ್ತು, ಹೆಬ್ಬೆರಳಿನಷ್ಟು. ತಂತಿಯಿಂದ ಕೆದಕಿ ತೆಗೆದರು. ಕೆಳಗಿನ ಗೇಟ್ ವಾಲ್ವ್‌ಗಳನ್ನು ಮುಚ್ಚಿ, ಮೂರನೇ ಮಹಡಿಯ ನಲ್ಲಿಗಳನ್ನೆಲ್ಲ ಪೂರ್ತಿ ತೆರೆಸಿದರು. ಕೆಮ್ಮಿ ಕೆಮ್ಮಿ, ಮೊದಲು ಕಂದು, ಆಮೇಲೆ ತಿಳಿನೀರು ಬಂತು. ಯಾರೂ ಕದ್ದಿರಲಿಲ್ಲ.

ಅಷ್ಟಾದ ಮೇಲೂ ಅವರು ಹೊರಡಲಿಲ್ಲ. ಬೆಳಗಿನ ಲೋಡ್ ಇಳಿಯುವ ತನಕ ಉಳಿದು, ವಾಚ್‌ಮನ್‌ಗೆ ಬ್ಲೀಚಿಂಗ್ ಪೌಡರ್ ಅಳತೆ ಕಲಿಸಿದರು: 1,000 ಲೀಟರಿಗೆ 2.5 ಗ್ರಾಂ, ಅಂದರೆ 12,000ಕ್ಕೆ 30 ಗ್ರಾಂ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಸುರಿಯಬೇಕು, ಅರ್ಧ ಗಂಟೆ ಬಿಟ್ಟು ಮೇಲೆತ್ತಬೇಕು. ಕೂಲಿಯನ್ನು ಹಗಲಿನ ದರದಲ್ಲೇ ತೆಗೆದುಕೊಂಡರು. ಅಣ್ಣಾ, ನಿಮ್ಮ ಋಣ ದೊಡ್ಡದು.

ಕಾವೇರಿ ಬಂದರೂ ಟ್ಯಾಂಕ್ ಬರಿದಾಗುವ ದಿನ ಬರಬಹುದು. ವೆಂಟ್ ಬಾಯಿಗಳಿಗೆಲ್ಲ ಈಗ ಸ್ಟೀಲ್ ಜಾಲರಿ ಕಟ್ಟಿಸಿದ್ದೇವೆ. ಪ್ರತಿ ತಿಂಗಳ ಮೊದಲ ಭಾನುವಾರ ಅವನ್ನು ನೋಡಿಬರುವ ಪಾಳಿಯ ಪಟ್ಟಿ ಲಿಫ್ಟ್ ಪಕ್ಕದ ಬೋರ್ಡಿನಲ್ಲಿದೆ. ಒಂದನೇ ಮಹಡಿಯಿಂದ ಒಬ್ಬರು, ಮೂರನೆಯದರಿಂದ ಒಬ್ಬರು, ಜೊತೆಯಾಗಿ. ಹೆಸರು ಬರೆಯಿರಿ.